ಉರಿಯ ಕಡಿವಾಣ ಗಾಳಿಯಲ್ಲಿದೆ

ನಾಗಮಂಗಲ ಎರಕದ ಕೆಲಸಕ್ಕೆ ಹೆಸರಾದ ಊರು. ಹಿತ್ತಾಳೆ, ಕಂಚು, ಪಂಚಲೋಹದ ಕೆಲಸ ಇಲ್ಲಿ ತಲೆತಲಾಂತರದಿಂದ ನಡೆದು ಬಂದಿದೆ. ಎರಕದವರ ಕುಲುಮೆಯ ಮುಂದೆ ಸ್ವಲ್ಪ ಹೊತ್ತು ಕೂತರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಲೋಹ ಕರಗಲಿಲ್ಲವೆಂದು ಅವರು ಇದ್ದಿಲು ಸುರಿಯುತ್ತಾ ಹೋಗುವುದಿಲ್ಲ. ಗಾಳಿ ಹೆಚ್ಚಿಸುತ್ತಾರೆ. ತಿದಿಯಿರಲಿ, ಕರೆಂಟಿನ ಬ್ಲೋವರ್ ಇರಲಿ, ಕೈ ಇರುವುದು ಗಾಳಿಯ ಮೇಲೆ. ಉರಿ ಸಾಕೆನಿಸಿದರೆ ಗಾಳಿ ನಿಲ್ಲಿಸುತ್ತಾರೆ. ಇದ್ದಿಲು ಇದ್ದಲ್ಲೇ ಕೆಂಪಗೆ ಕೂತಿರುತ್ತದೆ.

ಅದೇ ಊರಿನ ಅಕ್ಕಪಕ್ಕದ ಹಳ್ಳಿಯಲ್ಲಿ ನಮ್ಮ ಮನೆಗಳ ಒಲೆ ನೋಡಿ. ಉರಿ ಸಾಲದಿದ್ದರೆ "ಇನ್ನೆರಡು ಸೌದೆ ತುರುಕವ್ವ" ಎನ್ನುತ್ತೇವೆ. ಉರಿ ಹೆಚ್ಚಾದರೆ ಸೌದೆ ಹೊರಗೆಳೆದು ನೀರು ಚಿಮುಕಿಸುತ್ತೇವೆ. ಎರಡರಲ್ಲೂ ಸೌದೆ ದಂಡ, ಎರಡರಲ್ಲೂ ಹೊಗೆ. ಗಾಳಿಯ ಕಡೆ ನಮ್ಮ ಗಮನ ಹೋಗುವುದು ಒಂದೇ ಸಲ, ಹೊಗೆಯಾಡಿ ಕಣ್ಣಲ್ಲಿ ನೀರು ಬಂದಾಗ. ಆಗ ಊದುಕೊಳವೆ ಹುಡುಕುತ್ತೇವೆ.

ಸೌದೆ ಎಷ್ಟು ಹಾಕಿದಿರಿ ಅನ್ನುವುದಕ್ಕಿಂತ ಗಾಳಿ ಎಲ್ಲಿಂದ, ಎಷ್ಟು ಹೋಗುತ್ತಿದೆ ಅನ್ನುವುದೇ ಉರಿಯ ಜೋರನ್ನು ತೀರ್ಮಾನಿಸುತ್ತದೆ. ಇಷ್ಟನ್ನು ಹಿಡಿದುಕೊಂಡರೆ ಅಡಿಗೆ ಒಲೆ, ಬಚ್ಚಲಿನ ಹಂಡೆ ಒಲೆ, ಆಲೆಮನೆ ಒಲೆ ಮೂರನ್ನೂ ತಿದ್ದಬಹುದು. ಈ ಲೇಖನ ಅದರ ಪಾಠ.

"ಈಗ ಎಲ್ಲರ ಮನೇಲೂ ಗ್ಯಾಸ್ ಅದಲ್ಲ, ಒಲೆ ವಿಚಾರ ಯಾಕೆ?" ಎಂದು ಕೇಳಬಹುದು. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಸಿಲಿಂಡರ್ ಹಳ್ಳಿಗೆ ಬಂದದ್ದು ನಿಜ. ಆದರೆ ಸ್ನಾನದ ನೀರು, ದನದ ಬೂಸಾ ಗಂಜಿ, ಮನೆಗೆ ನಾಲ್ಕು ಜನ ಹೆಚ್ಚಾದ ದಿನದ ಮುದ್ದೆಯ ಎಸರು, ಹಬ್ಬದ ಅಡಿಗೆ ಇವೆಲ್ಲ ಇನ್ನೂ ಸೌದೆ ಒಲೆಯಲ್ಲೇ. ತೋಟದ ಗರಿ, ಎಡಮಟ್ಟೆ, ಚಿಪ್ಪು ಕೈಗೆ ಸಿಗುವವರೆಗೆ ಒಲೆ ಆರುವುದಿಲ್ಲ.

ಸೌದೆ ಉರಿಯುವ ಬಗೆ

ಸೌದೆ ನೇರವಾಗಿ ಉರಿಯುವುದಿಲ್ಲ. ಮೂರು ಹಂತ ದಾಟುತ್ತದೆ. ಮೊದಲು ಒಳಗಿನ ನೀರು ಆವಿಯಾಗಿ ಹೋಗುತ್ತದೆ. ಆಮೇಲೆ, ಬಿಸಿ ಸುಮಾರು 250 ಡಿಗ್ರಿ ದಾಟಿದ ಮೇಲೆ, ಸೌದೆ ಒಡೆದು ಅನಿಲ ಬಿಡುತ್ತದೆ. ಒಣ ಸೌದೆಯ ತೂಕದಲ್ಲಿ ಮುಕ್ಕಾಲು ಪಾಲು ಈ ಅನಿಲವೇ. ನಾವು ಕಾಣುವ ಹಳದಿ ಜ್ವಾಲೆ ಅದರದ್ದು. ಕೊನೆಗೆ ಉಳಿಯುವ ಕೆಂಡ ನಿಧಾನವಾಗಿ, ಜ್ವಾಲೆಯಿಲ್ಲದೆ ಉರಿಯುತ್ತದೆ.

ಹೊಗೆ ಎಂದರೆ ಉರಿಯದೆ ತಪ್ಪಿಸಿಕೊಂಡ ಅನಿಲ. ಅಂದರೆ ಹೊಗೆಯೂ ಸೌದೆಯೇ. ದುಡ್ಡು ಕೊಟ್ಟು ತಂದದ್ದೋ, ಮೈ ಬಗ್ಗಿಸಿ ಆಯ್ದು ತಂದದ್ದೋ ಹೆಂಚಿನ ಸಂದಿಯಿಂದ ಹಾರಿ ಹೋಗುತ್ತಿದೆ ಎಂದೇ ತಿಳಿಯಬೇಕು.

ಕೆಂಡಕ್ಕೂ ಅನಿಲಕ್ಕೂ ಬೇಕಾದ ಗಾಳಿ ಬೇರೆ ಬೇರೆ ಕಡೆಯದು. ಕೆಂಡಕ್ಕೆ ಗಾಳಿ ಕೆಳಗಿನಿಂದ ಬರಬೇಕು. ಇದನ್ನು ಅಡಿಗಾಳಿ ಎನ್ನೋಣ. ಅನಿಲಕ್ಕೆ ಗಾಳಿ ಜ್ವಾಲೆಯ ಮಟ್ಟದಲ್ಲಿ ಸಿಗಬೇಕು. ಇದು ಮೇಲ್ಗಾಳಿ. ಅಡಿಗಾಳಿ ಹೆಚ್ಚಿಸಿದರೆ ಕೆಂಡ ಕಾದು ಸೌದೆ ಬೇಗ ಬೇಗ ಅನಿಲ ಬಿಡುತ್ತದೆ, ಅಂದರೆ ಉರಿಯ ವೇಗ ಹೆಚ್ಚುತ್ತದೆ. ಮೇಲ್ಗಾಳಿ ಹೊಂದಿಸಿದರೆ ಆ ಅನಿಲ ಹೊಗೆಯಾಗದೆ ಪೂರ್ತಿ ಉರಿಯುತ್ತದೆ. ಅಡಿಗಾಳಿ ವೇಗಕ್ಕೆ, ಮೇಲ್ಗಾಳಿ ಶುದ್ಧಿಗೆ ಎಂದು ನೆನಪಿಟ್ಟರೆ ಸಾಕು.

ಸೌದೆಯ ದಪ್ಪ ಮತ್ತು ಒಣಗೂ ಉರಿಯ ವೇಗಕ್ಕೆ ಕಾರಣ. ತೊಗರಿ ಕಡ್ಡಿ, ಹಿಪ್ಪುನೇರಳೆ ಕಡ್ಡಿ ಭಗ್ಗನೆ ಉರಿದು ಹೋಗುತ್ತವೆ. ಜಾಲಿ ಬೊಡ್ಡೆ ಗಂಟೆಗಟ್ಟಲೆ ನಿಲ್ಲುತ್ತದೆ. ಆದರೆ ಹಾಕಿದ ಮೇಲೆ ಸೌದೆಯ ದಪ್ಪ ಬದಲಿಸಲಾಗದು, ಹಸಿಯನ್ನು ಒಣಗಿಸಲಾಗದು. ಒಲೆ ಹೊತ್ತಿದ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಗಾಳಿ ಒಂದೇ.

ಎಷ್ಟು ಗಾಳಿ ಬೇಕು?

ಒಂದು ಕಿಲೋ ಒಣ ಸೌದೆ ಪೂರ್ತಿ ಉರಿಯಲು ಸುಮಾರು 5 ಕಿಲೋ ಗಾಳಿ ಬೇಕು. ಅಳತೆಯಲ್ಲಿ ಅದು 4ರಿಂದ 5 ಘನ ಮೀಟರ್. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಇರುವುದು 28 ಘನ ಮೀಟರ್. ಅಂದರೆ ಆರು ಕಿಲೋ ಸೌದೆ ಒಂದು ಕೋಣೆಯಷ್ಟು ಗಾಳಿಯನ್ನು ತಿಂದು ಹಾಕುತ್ತದೆ. ಒಲೆಯೊಳಗೆ ಗಾಳಿ ಎಲ್ಲಾ ಮೂಲೆಗೂ ಸಮನಾಗಿ ಬೆರೆಯುವುದಿಲ್ಲವಾದ್ದರಿಂದ ಲೆಕ್ಕಕ್ಕಿಂತ ಒಂದೂವರೆಯಿಂದ ಎರಡು ಪಟ್ಟು ಬಿಡಬೇಕಾಗುತ್ತದೆ.

ಗಂಟೆಗೆ ಒಂದು ಕಿಲೋ ಸೌದೆ ಉರಿಯುವ, ಹೊಗೆಕೊಳವೆ ಇರುವ ಅಡಿಗೆ ಒಲೆ ಎಂದುಕೊಳ್ಳಿ. ಗಂಟೆಗೆ 7ರಿಂದ 9 ಘನ ಮೀಟರ್ ಗಾಳಿ ಬೇಕು. ಗಾಳಿ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ನುಗ್ಗಿದರೆ ಅದಕ್ಕೆ ಬೇಕಾದ ಕಿಂಡಿ ಬರೀ 20ರಿಂದ 25 ಚದರ ಸೆಂಟಿಮೀಟರ್. ಮೂರು ಬೆರಳಗಲ, ಮೂರು ಬೆರಳೆತ್ತರ. ಈಗ ನಿಮ್ಮ ಒಲೆಯ ಬಾಯಿ ಅಳೆದು ನೋಡಿ. ಗೇಣುದ್ದ ಗೇಣಗಲ ಇದ್ದರೆ ಅದು 400 ಚದರ ಸೆಂಟಿಮೀಟರ್ ಆಯಿತು. ಹದಿನಾರು ಪಟ್ಟು!

ಹೆಚ್ಚಾದರೆ ಏನು? "ಗಾಳಿ ಪುಕ್ಕಟೆ ಅಲ್ವೇ" ಎನ್ನಬಾರದು. ಒಳಗೆ ಬಂದ ತಣ್ಣನೆ ಗಾಳಿಯನ್ನೆಲ್ಲ ಕಾಯಿಸಿ ಹೊರಗೆ ಕಳಿಸುವುದು ನಮ್ಮ ಸೌದೆಯೇ. ಒಂದು ಕಿಲೋ ಒಣ ಸೌದೆಯಲ್ಲಿ ಸುಮಾರು 3500 ಕಿಲೋ ಕ್ಯಾಲೊರಿ ಶಾಖವಿದೆ. ಬೇಕಾದ್ದರ ಮೂರು ಪಟ್ಟು ಗಾಳಿ ನುಗ್ಗಿ, 400 ಡಿಗ್ರಿ ಬಿಸಿಯಲ್ಲಿ ಹೊರಗೆ ಹೋದರೆ ಅದರ ಜತೆ ಹೋಗುವ ಶಾಖ ಸುಮಾರು 1500. ಒಂದೂವರೆ ಪಟ್ಟಿಗೆ ನಿಲ್ಲಿಸಿದರೆ ಹೋಗುವುದು ಸುಮಾರು 800. ಎರಡರ ನಡುವಿನ 700 ಪಾತ್ರೆಗೆ ದಕ್ಕಬಹುದಾದ ಶಾಖ, ಐದರಲ್ಲಿ ಒಂದು ಸೌದೆ.

ಕಮ್ಮಿಯಾದರೆ ಅನಿಲ ಉರಿಯದೆ ಮಸಿ, ಹೊಗೆ, ಇಂಗಾಲದ ಮಾನಾಕ್ಸೈಡ್ ಆಗಿ ಹೊರಬರುತ್ತದೆ. ವಿಚಿತ್ರವೆಂದರೆ ನಮ್ಮ ಮಾಮೂಲಿ ಒಲೆಗಳಲ್ಲಿ ಎರಡು ದೋಷವೂ ಒಟ್ಟಿಗೇ ಇರುತ್ತವೆ. ಬಾಯಿ ಅಗಲವಾದ್ದರಿಂದ ಗಾಳಿ ಸೌದೆಯ ಮೇಲೆ ಹಾದು ನೇರ ಪಾತ್ರೆಯ ತಳ ತಣ್ಣಗೆ ಮಾಡುತ್ತದೆ. ಜಾಲರಿ ಇಲ್ಲದ್ದರಿಂದ ಬೂದಿಯಲ್ಲಿ ಹೂತ ಕೆಂಡಕ್ಕೆ ಗಾಳಿಯೇ ಇರುವುದಿಲ್ಲ. ಊದುಕೊಳವೆ ಬೇಕಾಗುವುದು ಇದಕ್ಕೇ.

ಉಂಗ್ರದ ಪಾಠ

ನಮ್ಮ ತಾಲೂಕಿಗೆ ತಾಗಿಕೊಂಡೇ ಕುಣಿಗಲ್ ತಾಲೂಕು. ಅಲ್ಲಿನ ಉಂಗ್ರ ಎಂಬ ಹಳ್ಳಿಗೆ ಒಲೆಯ ಚರಿತ್ರೆಯಲ್ಲಿ ಜಾಗವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ವಿಜ್ಞಾನ ಮಾಡುವುದು ಅದರ ಗುರಿ. ಉಂಗ್ರದಲ್ಲಿ ಅವರ ಕೇಂದ್ರವಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಯಾವ ಮನೆಯಲ್ಲಿ ಎಷ್ಟು ಸೌದೆ ಖರ್ಚು, ಯಾರು ತರುತ್ತಾರೆ ಎಂದು ಲೆಕ್ಕ ಹಿಡಿದರು. 1980ರ ದಶಕದ ಆರಂಭದಲ್ಲಿ ಅಲ್ಲಿಂದ ಬಂದದ್ದೇ 'ಅಸ್ತ್ರ ಒಲೆ'. ಮೂರು ಪಾತ್ರೆಯ ಮಣ್ಣಿನ ಒಲೆ, ಕೆಳಗೆ ಜಾಲರಿ, ಅದರಡಿ ಬೂದಿಗುಂಡಿ, ಹಿಂದೆ ಹೊಗೆಕೊಳವೆ. ಆಮೇಲೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಮೂಲಕ ಇದು ರಾಜ್ಯದ ಊರೂರಿಗೆ ಹೋಯಿತು. ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮವೂ ಆ ದಶಕದಲ್ಲಿ ಶುರುವಾಗಿ 2002ರವರೆಗೆ ನಡೆಯಿತು.

ಆ ಒಲೆಯ ಗುಟ್ಟು ಮೂರು ಪಾತ್ರೆ ಅಂತ ಬಹಳ ಜನ ತಿಳಿದಿದ್ದರು. ಮೂರು ಪಾತ್ರೆ ಇಡುವುದು ಶಾಖ ಹಿಡಿಯಲು. ಗುಟ್ಟು ಇದ್ದದ್ದು ಗಾಳಿ ಲೆಕ್ಕ ಹಾಕಿ ಬಿಟ್ಟದ್ದರಲ್ಲಿ. ಸೌದೆ ತುಂಡು ಮಾಡಿ ಒಳಗೆ ಹಾಕಬೇಕು, ಬಾಯಿ ಮುಚ್ಚಬೇಕು, ಗಾಳಿ ಜಾಲರಿಯ ಕೆಳಗಿಂದ ಏರಬೇಕು.

ನಮ್ಮ ಕಡೆ ಹಾಕಿಸಿದ ಎಷ್ಟೋ ಒಲೆಗಳು ಕೆಲವೇ ವರ್ಷಕ್ಕೆ ಮೂಲೆ ಸೇರಿದ್ದೂ ಇದೇ ಕಾರಣಕ್ಕೆ. ಉದ್ದ ಸೌದೆ ಹಿಡಿಸುವುದಿಲ್ಲವೆಂದು ಬಾಯಿ ಒಡೆದು ಅಗಲ ಮಾಡಿದರು. ಜಾಲರಿ ಸುಟ್ಟು ಬಾಗಿದ ಮೇಲೆ ಬೇರೆ ಹಾಕಲಿಲ್ಲ. ಕೊಳವೆಯಲ್ಲಿ ಮಸಿ ಕಟ್ಟಿದ್ದನ್ನು ಯಾರೂ ಇಳಿಸಲಿಲ್ಲ. ಉಳಿದದ್ದು ಮೂರು ಕಣ್ಣಿನ ಹಳೆ ಒಲೆ. ಇದಕ್ಕೆ ಹೆಣ್ಣುಮಕ್ಕಳನ್ನು ದೂರುವುದು ಸಲ್ಲ. ಸೌದೆ ಗೇಣುದ್ದಕ್ಕೆ ಕಡಿದು ಕೊಡುವ ಕೆಲಸ ಗಂಡಸರದ್ದು. ನಾವು ಅದನ್ನು ಮಾಡದೆ ಮಾರುದ್ದದ ಕೊಂಬೆ ತಂದು ಎಸೆದರೆ ಅವರು ಬಾಯಿ ಒಡೆಯದೆ ಏನು ಮಾಡಿಯಾರು? ನಮ್ಮ ಮನೆಯಲ್ಲಿ ವಾರಕ್ಕೊಂದು ಬೆಳಿಗ್ಗೆ ನಾನು ಮಚ್ಚು ಹಿಡಿದು ಕೂರುತ್ತೇನೆ. ಒಲೆ ಸುಧಾರಣೆ ಅಲ್ಲಿಂದ ಶುರು.

ಹೊಗೆಕೊಳವೆ ಎಳೆಯುವ ಬಗೆ

ಕೊಳವೆಯೊಳಗಿನ ಬಿಸಿ ಗಾಳಿ ಹಗುರ, ಹೊರಗಿನದು ಭಾರ. ಈ ತೂಕದ ವ್ಯತ್ಯಾಸವೇ ಎಳೆತ. ಕೊಳವೆ ಎತ್ತರವಾದಷ್ಟೂ, ಒಳಗೆ ಬಿಸಿಯಾದಷ್ಟೂ ಎಳೆತ ಹೆಚ್ಚು. ಹತ್ತಡಿ ಕೊಳವೆಯಲ್ಲಿ 150 ಡಿಗ್ರಿ ಬಿಸಿಯಿದ್ದರೆ ಸಿಗುವ ಎಳೆತ ಒಂದು ಮಿಲಿಮೀಟರ್ ನೀರಿನ ಒತ್ತಡದಷ್ಟು. ಅಷ್ಟೇ. ಇಷ್ಟು ನಾಜೂಕಾದ್ದರಿಂದಲೇ ಒಲೆಯ ಮೈಯಲ್ಲಿ ಒಂದು ಬಿರುಕು ಬಿಟ್ಟರೆ, ಪಾತ್ರೆ ಸರಿಯಾಗಿ ಕೂರದೆ ಬೆರಳು ತೂರುವ ಸಂದಿ ಉಳಿದರೆ ಎಳೆತವೆಲ್ಲ ಅಲ್ಲಿಂದಲೇ ಗಾಳಿ ಕುಡಿಯುತ್ತದೆ. ಜಾಲರಿಗೆ ಏನೂ ಉಳಿಯುವುದಿಲ್ಲ. "ಕೊಳವೆ ಎಳೀತಿಲ್ಲ" ಎಂದು ದೂರುವ ಮೊದಲು ಸಂದಿ ನೋಡಬೇಕು.

ಪರೀಕ್ಷೆ ಸುಲಭ. ಒಲೆ ಉರಿಯುವಾಗ ಊದುಬತ್ತಿ ಹಚ್ಚಿ ಒಲೆಯ ಮೈ ಸುತ್ತ, ಪಾತ್ರೆಯ ಕಂಠದ ಸುತ್ತ ಹಿಡಿದುಕೊಂಡು ಹೋಗಿ. ಊದುಬತ್ತಿಯ ಹೊಗೆ ಒಳಕ್ಕೆ ಬಾಗುವ ಕಡೆಯೆಲ್ಲ ಕಳ್ಳಗಾಳಿ ಇದೆ. ಹುತ್ತದ ಮಣ್ಣು, ಸಗಣಿ, ರಾಗಿ ಹೊಟ್ಟು ಕಲಸಿ ಮೆತ್ತಿ.

ಮುಂಜಾನೆ ಮೊದಲು ಹೊತ್ತಿಸುವಾಗ ಕೊಳವೆ ತಣ್ಣಗಿರುತ್ತದೆ, ಎಳೆತವೇ ಇರುವುದಿಲ್ಲ, ಹೊಗೆ ಮನೆಗೆ ಬರುತ್ತದೆ. ಒಂದು ಹಿಡಿ ಒಣ ತೆಂಗಿನಗರಿ ಉರಿಸಿ ಕೊಳವೆ ಬಿಸಿ ಮಾಡಿ, ಆಮೇಲೆ ಸೌದೆ ಇಡಿ.

ಇರುವ ಒಲೆಯನ್ನೇ ತಿದ್ದುವುದು

ಹೊಸ ಒಲೆ ಕಟ್ಟಬೇಕಿಲ್ಲ. ನಾನು ನಮ್ಮ ಒಲೆಗೆ ಮಾಡಿಕೊಂಡದ್ದನ್ನು ಕ್ರಮವಾಗಿ ಹೇಳುತ್ತೇನೆ.

1. ಜಾಲರಿ: ಒಲೆಯ ನೆಲ ಅಗೆದು ಆರು ಅಂಗುಲ ಆಳದ ಬೂದಿಗುಂಡಿ ಮಾಡಿ. ಅದರ ಮೇಲೆ ದಪ್ಪ ಕಬ್ಬಿಣದ ಸರಳುಗಳನ್ನು ಕಿರುಬೆರಳು ತೂರುವಷ್ಟು ಸಂದು ಬಿಟ್ಟು ಜೋಡಿಸಿ. ಸಂದು ಇನ್ನೂ ಹೆಚ್ಚಾದರೆ ಕೆಂಡ ಕೆಳಗೆ ಬೀಳುತ್ತದೆ, ಕಮ್ಮಿಯಾದರೆ ಬೂದಿ ಕಟ್ಟುತ್ತದೆ.

2. ಅಡಿಗಾಳಿ ಕಿಂಡಿ: ಬೂದಿಗುಂಡಿಗೆ ಮುಂದುಗಡೆ ನಾಲ್ಕು ಬೆರಳಿನ ಚೌಕ ಕಿಂಡಿ ಬಿಡಿ. ಲೆಕ್ಕಕ್ಕಿಂತ ಸ್ವಲ್ಪ ದೊಡ್ಡದೇ ಇರಲಿ, ಮುಚ್ಚಿ ಕಮ್ಮಿ ಮಾಡಿಕೊಳ್ಳಬಹುದು. ಎಣ್ಣೆ ಡಬ್ಬದ ತಗಡು ಕತ್ತರಿಸಿ ಪಕ್ಕಕ್ಕೆ ಸರಿಸುವ ಹಾಗೆ ಇಡಿ. ಈ ತಗಡೇ ನಿಮ್ಮ ಒಲೆಯ ಕಡಿವಾಣ.

3. ಸೌದೆ ಬಾಯಿಗೆ ಮುಚ್ಚಳ: ದಪ್ಪ ತಗಡಾಗಲಿ, ಮಣ್ಣಿನ ಹಲಗೆಯಾಗಲಿ ಸರಿ. ಮುಚ್ಚಳದ ಮೇಲುಭಾಗದಲ್ಲಿ ಹೆಬ್ಬೆರಳು ಗಾತ್ರದ ಎರಡು ಮೂರು ತೂತು ಇರಲಿ. ಮೇಲ್ಗಾಳಿ ಅಲ್ಲಿಂದ ಹೋಗುತ್ತದೆ.

4. ಕೊಳವೆಗೆ ತಡೆ: ಕೊಳವೆ ಒಲೆಗೆ ಸೇರುವ ಕಡೆ ಒಂದು ತಗಡನ್ನು ಒಳಕ್ಕೂ ಹೊರಕ್ಕೂ ಸರಿಸುವಂತೆ ಇಡಬಹುದು. ಇದು ಪೂರ್ತಿ ಮುಚ್ಚುವಂತಿರಬಾರದು. ತಗಡಿನ ಕಾಲುಭಾಗ ಕತ್ತರಿಸಿ ತೆಗೆದುಬಿಡಿ. ಕಾರಣ ಮುಂದೆ ಹೇಳುತ್ತೇನೆ.

5. ತಿಂಗಳಿಗೊಮ್ಮೆ ಕೊಳವೆ ಮಸಿ ತೆಗೆಯಿರಿ. ಉದ್ದ ಕೋಲಿಗೆ ಗೋಣಿ ಸುತ್ತಿ ಮೇಲಿಂದ ಇಳಿಬಿಟ್ಟರೆ ಸಾಕು.

ಕೊಳವೆಯೇ ಇಲ್ಲದ ಒಲೆಗೆ ಸೌದೆ ಬಾಯಿಯನ್ನು ಪೂರ್ತಿ ಮುಚ್ಚಬೇಡಿ, ಎಳೆತವಿಲ್ಲದೆ ಹೊಗೆ ಕಟ್ಟುತ್ತದೆ. ಅಂಥ ಒಲೆಗೆ ಜಾಲರಿ ಒಂದೇ ಹಾಕಿದರೂ ಫಲ ಕಾಣುತ್ತದೆ.

ಉರಿ ನಡೆಸುವುದು

ಮುದ್ದೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಎಸರು ಕುದಿಯುವ ತನಕ ಜೋರು ಉರಿ ಬೇಕು. ಹಿಟ್ಟು ಹಾಕಿದ ಮೇಲೆ ಸಣ್ಣ ಉರಿ ಬೇಕು, ಇಲ್ಲವಾದರೆ ತಳ ಹಿಡಿಯುತ್ತದೆ, ಒಳಗೆ ಹಸಿಯಾಗಿ ಉಳಿಯುತ್ತದೆ. ಸೌದೆ ಎಳೆದು ಉರಿ ಇಳಿಸಿದರೆ ಎಳೆದ ಸೌದೆ ಹೊರಗೆ ಹೊಗೆಯಾಡುತ್ತದೆ. ಗಾಳಿಯಿಂದ ಇಳಿಸಿದರೆ ಸೌದೆ ಒಳಗೇ ಇರುತ್ತದೆ.

ಹೊತ್ತಿಸುವಾಗ ಅಡಿಗಾಳಿ ತಗಡು ಪೂರ್ತಿ ತೆರೆದಿರಲಿ. ಎಸರು ಕುದಿಯಲು ಶುರುವಾದಾಗ ಅರ್ಧ ಸರಿಸಿ. ಹಿಟ್ಟು ಹಾಕುವ ಹೊತ್ತಿಗೆ ಮುಕ್ಕಾಲು ಮುಚ್ಚಿ. ಮೇಲ್ಗಾಳಿ ತೂತು ಮುಚ್ಚಬೇಡಿ. ಅಡಿಗಾಳಿ ಕಮ್ಮಿ ಮಾಡಿದ ಕೂಡಲೇ ಉರಿ ಇಳಿಯುವುದಿಲ್ಲ. ಒಳಗಿನ ಬಿಸಿ ಇನ್ನಷ್ಟು ಹೊತ್ತು ಅನಿಲ ಹೊರಡಿಸುತ್ತಿರುತ್ತದೆ. ಆದ್ದರಿಂದ ಬೇಕಾದ್ದಕ್ಕಿಂತ ಎರಡು ಮೂರು ನಿಮಿಷ ಮೊದಲೇ ತಗಡು ಸರಿಸುವ ಅಭ್ಯಾಸ ಬೇಕು. "ಬಾಗ್ಲು ಮುಚ್ಚುದ್ರೆ ಉರಿ ಕಾಣಕ್ಕಿಲ್ಲ, ಆರೋಯ್ತೇನೋ ಅನ್ನುಸ್ತದೆ" ಎಂದು ನಮ್ಮನೆಯವರು ಮೊದಮೊದಲು ಹೇಳುತ್ತಿದ್ದರು. ಈಗ ಮುಚ್ಚಳದ ತೂತಿನಲ್ಲಿ ಕಾಣುವ ಬಣ್ಣ ನೋಡಿಯೇ ಹೇಳುತ್ತಾರೆ.

ಇನ್ನೊಂದು ಮಾತು. ಒಮ್ಮೆ ಕುದಿ ಬಂದ ಮೇಲೆ ಎಷ್ಟೇ ಉರಿ ಹಾಕಿದರೂ ನೀರಿನ ಬಿಸಿ ಏರುವುದಿಲ್ಲ. ಅವರೆಕಾಳು, ಹುರುಳಿ ಸಣ್ಣ ಕುದಿಯಲ್ಲೂ ಅಷ್ಟೇ ಹೊತ್ತಿಗೆ ಬೇಯುತ್ತವೆ. ಕೊತಕೊತ ಕುದಿಸಿದರೆ ಹೆಚ್ಚಿನ ಶಾಖ ಬರೀ ಆವಿಯಾಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು 540 ಕಿಲೋ ಕ್ಯಾಲೊರಿ ಬೇಕು. ಪಾತ್ರೆಗೆ ಮುಚ್ಚಳ, ಒಲೆಗೆ ತಗಡು, ಎರಡೂ ಒಟ್ಟಿಗೆ ಬಳಸಿ.

ಗಾಳಿ ಸರಿಯಿದೆಯೇ ಎಂದು ತಿಳಿಯಲು ಉಪಕರಣ ಬೇಡ. ಹೊರಗೆ ಬಂದು ಕೊಳವೆಯ ತುದಿ ನೋಡಿ. ಹೊಗೆ ಕಂಡೂ ಕಾಣದಂತಿದ್ದರೆ ಸರಿ. ಕಪ್ಪಗಿದ್ದರೆ ಒಳಗೆ ಬಿಸಿಯಿದೆ, ಮೇಲ್ಗಾಳಿ ಸಾಲದು. ದಟ್ಟ ಬಿಳಿಯಾಗಿದ್ದರೆ ಸೌದೆ ಹಸಿ ಅಥವಾ ಒಲೆ ಇನ್ನೂ ತಣ್ಣಗಿದೆ. ಜ್ವಾಲೆ ಕೊಳವೆಯ ಕಡೆಗೆ ಎಳೆದುಕೊಂಡು ಭೋರೆನ್ನುತ್ತಿದ್ದರೆ ಗಾಳಿ ವಿಪರೀತ, ಕೊಳವೆ ತಡೆ ಸರಿಸಿ.

ಹಂಡೆ ಒಲೆ

ಅತಿ ಹೆಚ್ಚು ಸೌದೆ ದಂಡವಾಗುವುದು ಬಚ್ಚಲಲ್ಲಿ. ಲೆಕ್ಕ ನೋಡಿ. 50 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು 1750 ಕಿಲೋ ಕ್ಯಾಲೊರಿ ಸಾಕು. ಅಂದರೆ ಅರ್ಧ ಕಿಲೋ ಒಣ ಸೌದೆ. ಒಲೆಯ ನಷ್ಟವನ್ನೆಲ್ಲ ಹಿಡಿದು ಒಂದೂವರೆ ಕಿಲೋ ಎನ್ನೋಣ. ನಮ್ಮ ಹಳ್ಳಿಗಳಲ್ಲಿ ಹಂಡೆಗೆ ಹಾಕುವುದನ್ನು ಒಮ್ಮೆ ತೂಗಿ ನೋಡಿ, ಹೊರೆಯೇ ಹೋಗಿರುತ್ತದೆ.

ಹಂಡೆಗೆ ಅವಸರವಿಲ್ಲ. ಸಣ್ಣಗೆ ಶುದ್ಧವಾಗಿ ಉರಿದರೆ ಸಾಕು. ಹಂಡೆಯ ಮೈಗೂ ಗೋಡೆಗೂ ನಡುವೆ ಎರಡು ಬೆರಳು ಸಂದು ಬಿಟ್ಟು, ಬೆಂಕಿ ಮೈ ಸವರಿಕೊಂಡು ಹಿಂದಿನ ಕೊಳವೆಗೆ ಹೋಗುವಂತೆ ಮಾಡಿ. ಸಂದು ದೊಡ್ಡದಿದ್ದರೆ ಬಿಸಿ ಗಾಳಿ ಹಂಡೆಯನ್ನು ಮುಟ್ಟದೆ ಓಡಿಹೋಗುತ್ತದೆ. ಚಿಪ್ಪು, ಎಡಮಟ್ಟೆ ತುಂಡು ಹಾಕಿ ಹೊತ್ತಿಕೊಂಡ ಮೇಲೆ ಅಡಿಗಾಳಿ ಅರ್ಧಕ್ಕೆ ಇಳಿಸಿದರೆ ಮತ್ತೆ ಮತ್ತೆ ಎದ್ದು ಬಂದು ನೂಕಬೇಕಿಲ್ಲ. ಹಸಿ ಬೊಡ್ಡೆ ಇಟ್ಟು ರಾತ್ರಿಯಿಡೀ ಹೊಗೆಯಾಡಿಸುವ ರೂಢಿ ಬಿಡಬೇಕು. ಹಾಗೆ ಉಳಿದ ಗರಿ, ಮಟ್ಟೆಯನ್ನು ತೆಂಗಿನ ಬುಡಕ್ಕೆ ಹೊದಿಸಿದರೆ ಬೇಸಿಗೆಯಲ್ಲಿ ತೇವ ನಿಲ್ಲುತ್ತದೆ.

ಆಲೆಮನೆಯ ಲೆಕ್ಕ

ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ ಕಡೆಯ ಕಬ್ಬು ಬೆಳೆಗಾರರಿಗೆ ಇದೇ ಪಾಠ ದೊಡ್ಡ ಅಳತೆಯಲ್ಲಿ ಬೇಕು. ಒಂದು ಟನ್ ಕಬ್ಬು ಅರೆದರೆ ಸುಮಾರು 600 ಕಿಲೋ ಹಾಲು, 100 ಕಿಲೋ ಬೆಲ್ಲ. ನಡುವೆ 500 ಕಿಲೋ ನೀರನ್ನು ಆವಿ ಮಾಡಬೇಕು. ಹಾಲು ಕಾಯಿಸಿ ಆವಿ ಮಾಡಲು ಒಟ್ಟು ಸುಮಾರು 3.1 ಲಕ್ಷ ಕಿಲೋ ಕ್ಯಾಲೊರಿ ಬೇಕು. ಅದೇ ಟನ್ ಕಬ್ಬಿನ ರಚ್ಚು ಬಿಸಿಲಲ್ಲಿ ಚೆನ್ನಾಗಿ ಒಣಗಿದರೆ 200 ಕಿಲೋ ಉಳಿಯುತ್ತದೆ. ಅದರಲ್ಲಿರುವ ಶಾಖ ಸುಮಾರು 7 ಲಕ್ಷ.

ಅಂದರೆ ಒಲೆಯ ಶಾಖದಲ್ಲಿ ನೂರಕ್ಕೆ 45 ಪಾಲು ಕೊಪ್ಪರಿಗೆಗೆ ಸೇರಿದರೆ ಆ ಕಬ್ಬಿನ ರಚ್ಚು ಆ ಬೆಲ್ಲಕ್ಕೆ ಸಮವಾಗುತ್ತದೆ. 30 ಪಾಲು ಮಾತ್ರ ಸೇರಿದರೆ 300 ಕಿಲೋ ರಚ್ಚು ಬೇಕು, ಕೊರತೆ 100 ಕಿಲೋ. ಆ ಕೊರತೆ ತುಂಬಲು ಸೌದೆ ಕೊಳ್ಳಬೇಕು. ಕೆಲವು ಕಡೆ ಹಳೆ ಟೈರು, ಪ್ಲಾಸ್ಟಿಕ್ ಉರಿಸುವ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ಉರಿ ಹಾಕುವ ಕೂಲಿಯವರ ಎದೆಗೂ ಮಂಡ್ಯ ಬೆಲ್ಲದ ಹೆಸರಿಗೂ ಅದು ಕೆಡುಕು. ರಚ್ಚು ಸಾಲದು ಎನ್ನುವ ಮಾತಿನ ಹಿಂದೆ ಬಹುಮಟ್ಟಿಗೆ ಇರುವುದು ಒಲೆಯ ಗಾಳಿ ಮತ್ತು ರಚ್ಚಿನ ಹಸಿ.

ಒಣ ರಚ್ಚು ಕ್ಷಣದಲ್ಲಿ ಉರಿದು ಹೋಗುವ ಹಗುರ ಪದಾರ್ಥ. ತಬ್ಬಿನಷ್ಟು ಒಟ್ಟಿಗೆ ನೂಕಿದರೆ ಮೊದಲು ಗಾಳಿ ಕಟ್ಟಿ ಕರಿ ಹೊಗೆ, ಆಮೇಲೆ ಭಗ್ಗೆಂದು ಉರಿದು ಕೊಳವೆಗೆ ಜ್ವಾಲೆ, ಕೊನೆಗೆ ಖಾಲಿ ಒಲೆಯಲ್ಲಿ ತಣ್ಣನೆ ಗಾಳಿಯ ಓಟ. ತೆಳುವಾಗಿ, ಬಿಡದೆ ಹಾಕಬೇಕು. ಹಾಕುವ ಬಾಯಿ ಕೈ ಹಿಡಿಸುವಷ್ಟೇ ಇರಲಿ, ಅದಕ್ಕೆ ಜೋಲುವ ತಗಡಿನ ಬಾಗಿಲು ಇರಲಿ. ಗಾಳಿ ಕೆಳಗಿನ ಬೂದಿ ಸುರಂಗದಿಂದ ಜಾಲರಿ ಮೂಲಕ ಬರಲಿ, ಸುರಂಗದ ಬಾಯಿಗೂ ಬಾಗಿಲು ಇರಲಿ.

ಪಾಕದ ಹದಕ್ಕೂ ಇದು ಬೇಕು. ಹಾಲು ಬೆಚ್ಚಗಾಗಿ ಮಡ್ಡಿ ಮೇಲೇಳುವ ತನಕ ಉರಿ ಹಿತವಾಗಿರಬೇಕು, ಮಡ್ಡಿ ತೆಗೆದ ಮೇಲೆ ಜೋರು, ಪಾಕ ಬರುವ ಹೊತ್ತಿಗೆ ಇಳಿಯಬೇಕು. ಪಾಕದ ಕೊನೆಯ ಬಿಸಿ ಸುಮಾರು 118 ಡಿಗ್ರಿ. ಅಲ್ಲಿಂದ ಮುಂದೆ ಎರಡು ಮೂರು ಡಿಗ್ರಿ ತಪ್ಪಿದರೂ ಬೆಲ್ಲ ಕಪ್ಪಾಗುತ್ತದೆ. ರಚ್ಚು ಹಾಕುವುದು ನಿಲ್ಲಿಸಿದರೂ ಒಲೆಯಲ್ಲಿ ಕೂತ ಕೆಂಡ ಗಾಳಿ ಸಿಕ್ಕುವವರೆಗೆ ಕಾಯುತ್ತಲೇ ಇರುತ್ತದೆ. ಸುರಂಗದ ಬಾಗಿಲು ಇಳಿಸಿದರೆ ಮಾತ್ರ ಅದು ಮಣಿಯುತ್ತದೆ. ಎರಡನೆಯ ಕೊಪ್ಪರಿಗೆಯನ್ನು ಕೊಳವೆಯ ಹಾದಿಯಲ್ಲಿ ಕೂರಿಸಿ ಮುಂದಿನ ಹಾಲು ಕಾಯಿಸಿಕೊಂಡರೆ ಹೊರಗೆ ಹೋಗುವ ಶಾಖವೂ ಕೆಲಸಕ್ಕೆ ಬರುತ್ತದೆ.

ಮುಚ್ಚುವಾಗ ಎಚ್ಚರ

ಗಾಳಿ ಕಟ್ಟುವ ವಿದ್ಯೆ ಹೇಳಿದ ಮೇಲೆ ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಗಾಳಿ ಸಾಲದ ಕೆಂಡ ಇಂಗಾಲದ ಮಾನಾಕ್ಸೈಡ್ ಎಂಬ ವಿಷಗಾಳಿ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ಹೊಗೆ ಇಲ್ಲವೆಂದು ನಾವು ಧೈರ್ಯವಾಗಿ ಕೂತಿರುತ್ತೇವೆ. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಮಂಪರು. ಮಲಗಿದವರು ಏಳದೇ ಇರಬಹುದು.

ಇದಕ್ಕೇ ಕೊಳವೆಯ ತಡೆ ತಗಡಿನ ಕಾಲುಭಾಗ ಕತ್ತರಿಸಿರಬೇಕು ಎಂದದ್ದು. ಒಲೆಯಲ್ಲಿ ಕೆಂಡ ಇರುವವರೆಗೆ ಹೊಗೆಯ ದಾರಿ ಪೂರ್ತಿ ಮುಚ್ಚಬಾರದು. ಉರಿ ಇಳಿಸಬೇಕಾದರೆ ಯಾವಾಗಲೂ ಮೊದಲು ಅಡಿಗಾಳಿ, ಆಮೇಲೆ ಕೊಳವೆ. ರಾತ್ರಿ ಕೆಂಡ ಉಳಿಸಲು ಬೂದಿ ಮುಚ್ಚುವ ರೂಢಿಯಿದ್ದರೆ ಆ ಕೋಣೆಯಲ್ಲಿ ಯಾರೂ ಮಲಗಬಾರದು.

ನಮ್ಮ ಕಡೆ ಬಾಣಂತಿ ಕೋಣೆಗೆ ಬೆಚ್ಚಗಿರಲೆಂದು ಅಗ್ಗಿಷ್ಟಿಕೆ ಇಟ್ಟು, ಗಾಳಿ ಸೋಕಬಾರದೆಂದು ಕಿಟಕಿ ಬಾಗಿಲು ಬಿಗಿಯುತ್ತಾರೆ. ತಾಯಿಗೂ ಹಸುಗೂಸಿಗೂ ಇದಕ್ಕಿಂತ ಅಪಾಯ ಇಲ್ಲ. ಅಜ್ಜಿಯರು ಬೇಸರಪಟ್ಟರೂ ಸರಿ, ಕೆಂಡ ಹೊರಗಿರಲಿ. ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ತಾಯಿಯ ಕಾಲ ಬಳಿ, ಕೂಸಿಗೆ ತಾಕದಂತೆ ಇಡಿ. ಕೂಸಿಗೆ ತಾಯಿಯ ಮೈಯ ಬಿಸಿಯೇ ಸಾಕು.

ದಿನದಿನದ ಹೊಗೆಯೂ ಕಮ್ಮಿಯದ್ದಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಒಲೆ ಮುಂದೆ ಹೆಚ್ಚು ಹೊತ್ತು ಕೂರುವವರು ಯಾರೆಂದು ನಮಗೆಲ್ಲ ಗೊತ್ತು.

ತೂಗಿ ನೋಡಿ

ನನ್ನ ಮಾತು ನಂಬಬೇಡಿ, ತಕ್ಕಡಿ ನಂಬಿ. ಒಂದೇ ಪಾತ್ರೆ, ಒಂದೇ ಅಳತೆಯ ನೀರು, ಒಂದೇ ರಾಶಿಯ ಒಣ ಸೌದೆ ತೆಗೆದುಕೊಳ್ಳಿ. ಮೊದಲ ದಿನ ಒಲೆ ಈಗಿರುವ ಹಾಗೇ ಉರಿಸಿ. ಕುದಿ ಬಂದು ಹತ್ತು ನಿಮಿಷ ಆದ ಮೇಲೆ ಉಳಿದ ಸೌದೆ ತೂಗಿ ಬರೆದಿಡಿ. ಎರಡನೆಯ ದಿನ ಬಾಯಿಗೆ ಹಂಚಿನ ತುಂಡು ಅಡ್ಡ ಇಟ್ಟು ಅರ್ಧ ಮುಚ್ಚಿ. ಮೂರನೆಯ ದಿನ ಜಾಲರಿ ಸೇರಿಸಿ. ಮೂರೂ ದಿನ ಹೊತ್ತು, ಸೌದೆಯ ತೂಕ, ಹೊಗೆಯ ಬಣ್ಣ ಈ ಮೂರನ್ನು ಬರೆಯಿರಿ. ಖರ್ಚು ನಾಲ್ಕು ಕಬ್ಬಿಣದ ಸರಳು, ಒಂದು ಹಳೆ ಡಬ್ಬ.

ಬೇರೆ ಬೇರೆ ಸೌದೆಗೆ ಕಿಂಡಿಯ ಅಳತೆ ಸ್ವಲ್ಪ ಹೆಚ್ಚು ಕಮ್ಮಿ ಆಗುತ್ತದೆ. ಕಾಯಿಸಿಪ್ಪೆಗೆ ಒಂದು, ಬೆರಣಿಗೆ ಒಂದು, ಜಾಲಿಗೆ ಇನ್ನೊಂದು. ನಿಮ್ಮ ಒಲೆಯಲ್ಲಿ ಯಾವ ಅಳತೆ ಕೂಡಿಬಂತು ಎಂದು ಪತ್ರಿಕೆಗೆ ಬರೆಯಿರಿ. ನಾಲ್ಕಾರು ಊರಿನ ಅಳತೆ ಒಟ್ಟುಗೂಡಿದರೆ ಉಳಿದವರಿಗೆ ಅನುಕೂಲವಾಗುತ್ತದೆ.